ಹಾಲಿ ಅಧ್ಯಕ್ಷರನ್ನು ಸೋಲಿಸಲು ಮೊದಲು ಅವರ ಮತದಾರರನ್ನು ಗೌರವಿಸಬೇಕು

ಎರಡನೇ ಮಹಾಯುದ್ಧದ ನಂತರ ಅಮೆರಿಕದ ಹಾಲಿ ಅಧ್ಯಕ್ಷರು ಮರುಆಯ್ಕೆ ಬಯಸಿ ಮತದಾನದ ದಿನದವರೆಗೂ ಕಣದಲ್ಲಿ ಉಳಿದ ಚುನಾವಣೆಗಳು 12. ಅವುಗಳಲ್ಲಿ 8ರಲ್ಲಿ ಹಾಲಿ ಅಧ್ಯಕ್ಷರೇ ಗೆದ್ದಿದ್ದಾರೆ. ಸೋತವರು ನಾಲ್ವರು ಮಾತ್ರ: 1976ರಲ್ಲಿ ಜೆರಾಲ್ಡ್ ಫೋರ್ಡ್, 1980ರಲ್ಲಿ ಜಿಮ್ಮಿ ಕಾರ್ಟರ್, 1992ರಲ್ಲಿ ಹಿರಿಯ ಜಾರ್ಜ್ ಬುಷ್, 2020ರಲ್ಲಿ ಡೊನಾಲ್ಡ್ ಟ್ರಂಪ್. ಈ ನಾಲ್ವರ ಪೈಕಿ ಮೊದಲ ಮೂವರಿಗೆ ಸ್ವಂತ ಪಕ್ಷದ ಒಳಗೇ ಪ್ರಬಲ ಸ್ಪರ್ಧೆ ಎದುರಾಗಿತ್ತು. ಫೋರ್ಡ್ ಅವರಿಗೆ ರೊನಾಲ್ಡ್ ರೇಗನ್, ಕಾರ್ಟರ್ ಅವರಿಗೆ ಎಡ್ವರ್ಡ್ ಕೆನಡಿ, ಬುಷ್ ಅವರಿಗೆ ಪ್ಯಾಟ್ ಬುಕಾನನ್ ಅಡ್ಡ ನಿಂತಿದ್ದರು. ಅಂದರೆ ಎದುರು ಪಕ್ಷದ ಅಭ್ಯರ್ಥಿ ಪ್ರಚಾರ ಆರಂಭಿಸುವ ಮೊದಲೇ ಹಾಲಿ ಅಧ್ಯಕ್ಷರ ಮನೆಯಲ್ಲಿ ಬಿರುಕು ಕಾಣಿಸಿಕೊಂಡಿತ್ತು. ಅಂಥ ಬಿರುಕು ಇಲ್ಲದ ಕಡೆ ಅಧಿಕಾರದಲ್ಲಿರುವವರ ಅನುಕೂಲಗಳು ಅಸಾಧಾರಣವಾದವು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಗಳಲ್ಲಿ ಹಣವೂ ಹೆಸರೂ ಸವೆಯುವುದಿಲ್ಲ, ಶ್ವೇತಭವನದಲ್ಲಿ ಆಡಿದ ಮಾತೆಲ್ಲ ತಾನಾಗಿ ಸುದ್ದಿಯಾಗುತ್ತದೆ, ಪ್ರಕೃತಿ ವಿಕೋಪವೋ ಯುದ್ಧವೋ ಬಂದರೆ ದೇಶ ಒಮ್ಮೆಯಾದರೂ ಅವರ ಕಡೆ ತಿರುಗಿ ನೋಡುತ್ತದೆ.

ಇಂಥವರ ಎದುರು ನಿಂತವರು ಪ್ರಚಾರವನ್ನು ಹೇಗೆ ಕಟ್ಟಬೇಕು ಎಂಬ ಪ್ರಶ್ನೆಗೆ ಅಮೆರಿಕದ ಚುನಾವಣಾ ತಂತ್ರಜ್ಞರ ಬಳಿ ಒಂದು ಸಿದ್ಧ ಉತ್ತರವಿದೆ. ಹಾಲಿ ಅಧ್ಯಕ್ಷರು ಚುನಾವಣೆಯನ್ನು ಇಬ್ಬರು ವ್ಯಕ್ತಿಗಳ ನಡುವಿನ ಆಯ್ಕೆಯಾಗಿಸಲು ನೋಡುತ್ತಾರೆ, ಎದುರಾಳಿ ಅದನ್ನು ಕಳೆದ ನಾಲ್ಕು ವರ್ಷಗಳ ಆಡಳಿತದ ಮೇಲಿನ ತೀರ್ಪಾಗಿಸಬೇಕು ಎಂಬುದು ಆ ಉತ್ತರ. ಇದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ತೀರ್ಪು ಕೊಡಬೇಕಾದ ಮತದಾರರಲ್ಲಿ ಒಂದು ದೊಡ್ಡ ಪಾಲು ನಾಲ್ಕು ವರ್ಷಗಳ ಹಿಂದೆ ಅದೇ ಅಧ್ಯಕ್ಷರನ್ನು ಆರಿಸಿದವರು ಎಂಬುದನ್ನು ಈ ಸೂತ್ರ ಮರೆಯುತ್ತದೆ. ಅಧ್ಯಕ್ಷರು ವಿಫಲರಾದರು ಎಂದು ಒಪ್ಪಿಕೊಳ್ಳುವುದೆಂದರೆ ಅವರ ಪಾಲಿಗೆ ತಮ್ಮ ಹಿಂದಿನ ಆಯ್ಕೆಯನ್ನೇ ತಪ್ಪೆಂದು ಒಪ್ಪಿಕೊಂಡಂತೆ. ಹಾಗೆ ಒಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ. ಎದುರಾಳಿ ಕೂಗಿ ಹೇಳಿದಷ್ಟೂ ಕಷ್ಟ ಹೆಚ್ಚುತ್ತದೆ. ಆದ್ದರಿಂದ ನನ್ನ ದೃಷ್ಟಿಯಲ್ಲಿ ಎದುರಾಳಿಯ ಪ್ರಚಾರದ ನಿಜವಾದ ಪರೀಕ್ಷೆ ಇರುವುದು ಇಲ್ಲಿ: ಕಳೆದ ಬಾರಿ ಹಾಲಿ ಅಧ್ಯಕ್ಷರಿಗೆ ಮತ ಹಾಕಿದವರು ಮರ್ಯಾದೆ ಕಳೆದುಕೊಳ್ಳದೆ ಈ ಬಾರಿ ಬೇರೆಯವರಿಗೆ ಮತ ಹಾಕುವ ದಾರಿಯೊಂದನ್ನು ಅದು ತೆರೆದಿಡುತ್ತದೆಯೇ, ಇಲ್ಲವೇ? ಗೆದ್ದ ಮತ್ತು ಸೋತ ಪ್ರಚಾರಗಳನ್ನು ಈ ಪ್ರಶ್ನೆಯ ಎದುರು ಇಟ್ಟು ನೋಡಿದರೆ ಹಲವು ವಿಷಯಗಳು ಸ್ಪಷ್ಟವಾಗುತ್ತವೆ.

1980ರ ಅಕ್ಟೋಬರ್ 28ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಕಾರ್ಟರ್ ಮತ್ತು ರೇಗನ್ ನಡುವೆ ನಡೆದ ಏಕೈಕ ಚರ್ಚೆಯ ಕೊನೆಯ ನಿಮಿಷಗಳು ಈ ವಿಷಯದಲ್ಲಿ ಇಂದಿಗೂ ಪಾಠದಂತಿವೆ. ಮತದಾನಕ್ಕೆ ಇನ್ನು ಒಂದೇ ವಾರ ಉಳಿದಿತ್ತು. ಆ ವರ್ಷದ ಹಣದುಬ್ಬರ ಶೇ 13ರ ಮೇಲಿತ್ತು, ಟೆಹರಾನ್‌ನಲ್ಲಿ 52 ಮಂದಿ ಅಮೆರಿಕನ್ನರು ಒತ್ತೆಯಾಳುಗಳಾಗಿ ಒಂದು ವರ್ಷ ತುಂಬುತ್ತಾ ಬಂದಿತ್ತು. ಕಾರ್ಟರ್ ಅವರನ್ನು ಬಯ್ಯಲು ಬೇಕಾದ ಸಾಮಗ್ರಿಯೆಲ್ಲ ರೇಗನ್ ಕೈಯಲ್ಲಿತ್ತು. ಆದರೂ ತಮ್ಮ ಸಮಾರೋಪದ ಮಾತಿನಲ್ಲಿ ಅವರು ಕ್ಯಾಮೆರಾ ಕಡೆ ತಿರುಗಿ ಕೆಲವು ಪ್ರಶ್ನೆಗಳನ್ನು ಕೇಳಿದರು. ನಾಲ್ಕು ವರ್ಷಗಳ ಹಿಂದಿಗಿಂತ ಈಗ ನಿಮ್ಮ ಸ್ಥಿತಿ ಮೇಲಾಗಿದೆಯೇ? ಅಂಗಡಿಗೆ ಹೋಗಿ ಸಾಮಾನು ಕೊಳ್ಳುವುದು ಆಗಿಗಿಂತ ಸುಲಭವಾಗಿದೆಯೇ? ದೇಶದಲ್ಲಿ ನಿರುದ್ಯೋಗ ಹೆಚ್ಚಿದೆಯೇ, ಕಡಿಮೆಯಾಗಿದೆಯೇ? ಜಗತ್ತಿನಲ್ಲಿ ಅಮೆರಿಕಕ್ಕೆ ಮೊದಲಿನಷ್ಟೇ ಗೌರವವಿದೆಯೇ? ಇವಕ್ಕೆಲ್ಲ ಹೌದು ಎಂಬ ಉತ್ತರ ನಿಮ್ಮದಾದರೆ ಯಾರಿಗೆ ಮತ ಹಾಕಬೇಕೆಂಬುದು ನಿಮಗೇ ಗೊತ್ತು, ಇಲ್ಲವಾದರೆ ಇನ್ನೊಂದು ಆಯ್ಕೆಯನ್ನು ನಾನು ಸೂಚಿಸಬಲ್ಲೆ ಎಂಬರ್ಥದಲ್ಲಿ ಅವರು ಮಾತು ಮುಗಿಸಿದರು.

ಈ ಪ್ರಶ್ನೆಗಳನ್ನು ಮುಂದೆ ಎಷ್ಟೋ ಅಭ್ಯರ್ಥಿಗಳು ಎರವಲು ಪಡೆದಿದ್ದಾರೆ, ಆದರೆ ಅವುಗಳ ರಚನೆಯನ್ನು ಗಮನಿಸಿದವರು ಕಡಿಮೆ. ಇಲ್ಲಿ ಕಾರ್ಟರ್ ಅಸಮರ್ಥರೆಂಬ ಮಾತಿಲ್ಲ, 1976ರಲ್ಲಿ ನೀವು ತಪ್ಪು ಮಾಡಿದಿರಿ ಎಂಬ ಸೂಚನೆಯಂತೂ ಇಲ್ಲವೇ ಇಲ್ಲ. ತೀರ್ಪನ್ನು ಅಭ್ಯರ್ಥಿ ಹೇಳದೆ ಮತದಾರರ ಬಾಯಿಗೆ ಬಿಟ್ಟಿದ್ದಾರೆ, ಸಾಕ್ಷ್ಯವನ್ನು ಮತದಾರರ ಅಡುಗೆಮನೆ, ಸಂಬಳ, ಅಂಗಡಿಯ ಬಿಲ್ಲಿನಿಂದಲೇ ತೆಗೆದಿದ್ದಾರೆ. ಯಾರೋ ಹೊರಗಿನವರು ಹೇಳಿಕೊಟ್ಟ ತೀರ್ಮಾನವನ್ನು ಮನುಷ್ಯ ಅನುಮಾನಿಸುತ್ತಾನೆ, ತಾನೇ ಲೆಕ್ಕ ಹಾಕಿ ತಲುಪಿದ ತೀರ್ಮಾನವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ರೇಗನ್ ಅವರ ಈ ಕೆಲಸ ಆ ರಾತ್ರಿ ಆರಂಭವಾದದ್ದಲ್ಲ. ಜುಲೈನಲ್ಲಿ ಡೆಟ್ರಾಯಿಟ್ ನಗರದಲ್ಲಿ ನಡೆದ ರಿಪಬ್ಲಿಕನ್ ಅಧಿವೇಶನದಲ್ಲಿ ಉಮೇದುವಾರಿಕೆ ಸ್ವೀಕರಿಸುವ ಭಾಷಣದಲ್ಲಿ ಅವರು ಡೆಮಾಕ್ರಟಿಕ್ ಪಕ್ಷದ ಆರಾಧ್ಯ ನಾಯಕ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಮಾತುಗಳನ್ನು ಉದ್ಧರಿಸಿದ್ದರು. ತಾವೂ ಬಹುಕಾಲ ಡೆಮಾಕ್ರಟ್ ಆಗಿದ್ದವರೇ ಎಂಬುದನ್ನು ಅವರು ಮರೆಮಾಚದೆ ಹೇಳಿಕೊಳ್ಳುತ್ತಿದ್ದರು. ತಲೆಮಾರುಗಳಿಂದ ಡೆಮಾಕ್ರಟಿಕ್ ಪಕ್ಷಕ್ಕೆ ಮತ ಹಾಕುತ್ತಿದ್ದ ಕಾರು ಕಾರ್ಖಾನೆಯ ಕಾರ್ಮಿಕರಿಗೆ ಇದರಿಂದ ಸಿಕ್ಕ ಸಂದೇಶ ಸರಳವಾಗಿತ್ತು: ನೀವು ಬದಲಾಗಿಲ್ಲ, ನಿಮ್ಮ ಅಪ್ಪಂದಿರು ನಂಬಿದ್ದು ತಪ್ಪೂ ಅಲ್ಲ, ಆ ನಂಬಿಕೆಗೆ ಈಗ ನಾನೇ ಹತ್ತಿರ. ಡೆಟ್ರಾಯಿಟ್ ಹೊರವಲಯದ ಮೆಕೋಂಬ್ ಕೌಂಟಿಯ ಇಂಥ ಮತದಾರರಿಗೆ ಮುಂದೆ ರೇಗನ್ ಡೆಮಾಕ್ರಟರು ಎಂಬ ಹೆಸರೇ ಅಂಟಿಕೊಂಡಿತು.

ಕಾರ್ಟರ್ ಸುಮ್ಮನೆ ಕೂರಲಿಲ್ಲ. ರೇಗನ್ ಅಪಾಯಕಾರಿ, ಅಣ್ವಸ್ತ್ರದ ಗುಂಡಿಯ ಬಳಿ ಬಿಡಬಾರದ ಮನುಷ್ಯ ಎಂಬ ಭಯವನ್ನು ಅವರ ಪ್ರಚಾರ ಇಡೀ ವರ್ಷ ಬಿತ್ತಿತ್ತು, ಅದು ಸಾಕಷ್ಟು ನಾಟಿಯೂ ಇತ್ತು. ಎದುರಾಳಿಯ ಎರಡನೇ ಹೊಣೆ ಇಲ್ಲಿ ಬರುತ್ತದೆ. ಬದಲಾವಣೆ ಬೇಕೆಂಬ ಆಸೆ ಮೂಡಿಸಿದರೆ ಸಾಲದು, ಬದಲಾವಣೆಯಿಂದ ಅನಾಹುತ ಆಗದು ಎಂಬ ಭರವಸೆಯನ್ನೂ ಹುಟ್ಟಿಸಬೇಕು. ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್ ವಿಷಯದಲ್ಲಿ ಕಾರ್ಟರ್ ಆರೋಪ ಮಾಡಿದಾಗ ರೇಗನ್ ಸಿಟ್ಟಾಗಲಿಲ್ಲ, ಮತ್ತೆ ಅದೇ ರಾಗ ಶುರುವಾಯಿತಲ್ಲ ಎಂಬಂತೆ ಮುಗುಳ್ನಕ್ಕು ಮುಂದುವರಿದರು. ತಿಂಗಳುಗಟ್ಟಲೆ ಕಟ್ಟಿದ ಭಯದ ಚಿತ್ರವು ಆ ಒಂದು ನಗುವಿನ ಎದುರು ನಿಲ್ಲಲಿಲ್ಲ. ಒಂದು ವಾರದ ನಂತರ ರೇಗನ್ 44 ರಾಜ್ಯಗಳಲ್ಲಿ ಗೆದ್ದು ಅಧ್ಯಕ್ಷರನ್ನು ನಿರ್ಧರಿಸುವ ರಾಜ್ಯವಾರು ಎಲೆಕ್ಟೋರಲ್ ಮತಗಳಲ್ಲಿ 489 ಪಡೆದರು, ಕಾರ್ಟರ್ ಅವರಿಗೆ ಸಿಕ್ಕಿದ್ದು 49.

1992ರಲ್ಲಿ ಪರಿಸ್ಥಿತಿ ಇನ್ನೂ ಕಠಿಣವಾಗಿತ್ತು ಎನ್ನಬೇಕು. ಕೊಲ್ಲಿ ಯುದ್ಧ ಮುಗಿದಾಗ ಹಿರಿಯ ಬುಷ್ ಅವರ ಜನಪ್ರಿಯತೆ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 89ಕ್ಕೆ ಏರಿತ್ತು. ಆ ಸಂಖ್ಯೆ ನೋಡಿಯೇ ಡೆಮಾಕ್ರಟಿಕ್ ಪಕ್ಷದ ಹಲವು ಘಟಾನುಘಟಿಗಳು ಸ್ಪರ್ಧೆಯಿಂದ ದೂರ ಉಳಿದರು. ಅರ್ಕಾನ್ಸಾಸ್ ರಾಜ್ಯದ ಗವರ್ನರ್ ಬಿಲ್ ಕ್ಲಿಂಟನ್ ಯುದ್ಧದ ಗೆಲುವನ್ನು ಕೆಣಕುವ ಗೋಜಿಗೆ ಹೋಗಲಿಲ್ಲ. ಬುಷ್ ಅವರನ್ನು ಮೆಚ್ಚಿದವರ ಮೆಚ್ಚುಗೆಯನ್ನು ಹಾಗೆಯೇ ಬಿಟ್ಟು, ಮಾತನ್ನು ಬೇರೆಡೆಗೆ ಒಯ್ದರು. ಲಿಟಲ್ ರಾಕ್ ನಗರದ ಪ್ರಚಾರ ಕಚೇರಿಯಲ್ಲಿ ತಂತ್ರಜ್ಞ ಜೇಮ್ಸ್ ಕಾರ್ವಿಲ್ ಮೂರು ಸಾಲಿನ ಫಲಕವೊಂದನ್ನು ತೂಗುಹಾಕಿದ್ದರು. ಅದರ ನಡುವಿನ ಸಾಲು, ಆರ್ಥಿಕತೆಯ ಕುರಿತದ್ದು, ಜಗತ್ಪ್ರಸಿದ್ಧವಾಯಿತು. ನನಗೆ ಮಹತ್ವದ್ದಾಗಿ ಕಾಣುವುದು ಮೊದಲ ಸಾಲು: ಬದಲಾವಣೆಯೋ, ಇದ್ದದ್ದೇ ಮುಂದುವರಿಯಬೇಕೋ? ಮೂರನೆಯದು ಆರೋಗ್ಯ ಸೇವೆಯನ್ನು ಮರೆಯಬೇಡಿ ಎಂಬ ಎಚ್ಚರಿಕೆ. ಮೂರೂ ಸಾಲುಗಳಲ್ಲಿ ಬುಷ್ ಎಂಬ ಹೆಸರೇ ಇರಲಿಲ್ಲ.

ಅದೇ ವರ್ಷದ ಅಕ್ಟೋಬರ್ 15ರಂದು ವರ್ಜೀನಿಯಾದ ರಿಚ್ಮಂಡ್‌ನಲ್ಲಿ ನಡೆದ ಚರ್ಚೆಯಲ್ಲಿ ಸಾಮಾನ್ಯ ಮತದಾರರೇ ಪ್ರಶ್ನೆ ಕೇಳುವ ವ್ಯವಸ್ಥೆಯಿತ್ತು. ದೇಶದ ಸಾಲ ನಿಮ್ಮ ಸ್ವಂತ ಬದುಕನ್ನು ಹೇಗೆ ತಟ್ಟಿದೆ, ತಟ್ಟದಿದ್ದರೆ ಜನರ ಕಷ್ಟಕ್ಕೆ ನೀವು ಪರಿಹಾರ ಹುಡುಕುವುದಾದರೂ ಹೇಗೆ ಎಂದು ಯುವತಿಯೊಬ್ಬರು ಕೇಳಿದರು. ಬುಷ್ ಕೈಗಡಿಯಾರ ನೋಡಿಕೊಳ್ಳುತ್ತಿದ್ದದ್ದು ಕ್ಯಾಮೆರಾದಲ್ಲಿ ಸೆರೆಯಾಯಿತು. ಉತ್ತರಿಸುವಾಗ ಪ್ರಶ್ನೆಯೇ ಸರಿಯಾಗಿ ಅರ್ಥವಾಗಲಿಲ್ಲವೆಂದು ತಡವರಿಸಿದರು. ಕ್ಲಿಂಟನ್ ಕುರ್ಚಿ ಬಿಟ್ಟೆದ್ದು ಆಕೆಯ ಹತ್ತಿರಕ್ಕೆ ನಡೆದು, ನಿಮಗೆ ಇದು ಹೇಗೆ ತಟ್ಟಿದೆ, ಕೆಲಸ ಕಳೆದುಕೊಂಡವರನ್ನು, ಮನೆ ಕಳೆದುಕೊಂಡವರನ್ನು ನೀವು ಬಲ್ಲಿರಲ್ಲವೇ ಎಂದು ಮೊದಲು ಆಕೆಯನ್ನೇ ವಿಚಾರಿಸಿದರು. ತಮ್ಮ ಪುಟ್ಟ ರಾಜ್ಯದಲ್ಲಿ ಕಾರ್ಖಾನೆ ಮುಚ್ಚಿದರೆ ಅದನ್ನು ನಡೆಸುತ್ತಿದ್ದವರ ಹೆಸರು ಹಿಡಿದು ಹೇಳಬಲ್ಲೆ ಎಂಬ ಧಾಟಿಯಲ್ಲಿ ಉತ್ತರಿಸಿದರು. ವಾಸ್ತವದಲ್ಲಿ ಆರ್ಥಿಕ ಹಿಂಜರಿತ 1991ರ ಮಾರ್ಚ್‌ನಲ್ಲೇ ಮುಗಿದಿತ್ತು. ಆದರೆ ಅದು ಮುಗಿದದ್ದನ್ನು ಅಧಿಕೃತವಾಗಿ ಗುರುತಿಸಿದ್ದು ಚುನಾವಣೆ ಕಳೆದ ಮೇಲೆ, 1992ರ ಡಿಸೆಂಬರ್‌ನಲ್ಲಿ. ನಿರುದ್ಯೋಗ ಆ ವರ್ಷದ ಜೂನ್‌ನಲ್ಲಿ ಶೇ 7.8ಕ್ಕೆ ಮುಟ್ಟಿತ್ತು. ಅಂಕಿಅಂಶಗಳನ್ನು ಹಿಡಿದು ವಾದಿಸಲು ಹೋದ ಬುಷ್ ಅವರಿಗೆ, ತಮ್ಮ ಕಷ್ಟ ಇವರಿಗೆ ತಿಳಿದಿಲ್ಲ ಎಂಬ ಜನರ ಭಾವನೆಯನ್ನು ಅಳಿಸಲಾಗಲಿಲ್ಲ.

ಆ ಚುನಾವಣೆಯಲ್ಲಿ ಉದ್ಯಮಿ ರಾಸ್ ಪೆರೊ ಮೂರನೇ ಅಭ್ಯರ್ಥಿಯಾಗಿ ಸುಮಾರು ಶೇ 19ರಷ್ಟು ಮತ ಪಡೆದರು ಎಂಬುದನ್ನು ಮರೆಯುವಂತಿಲ್ಲ. ಕ್ಲಿಂಟನ್ ಗೆದ್ದದ್ದು ಶೇ 43ರಷ್ಟು ಮತದಿಂದ. ಹಾಗಿದ್ದರೂ ಬುಷ್ ಅವರಿಗೆ ದಕ್ಕಿದ್ದು ಶೇ 37 ಮಾತ್ರ ಎಂಬುದು ಗಮನಾರ್ಹ. ಹೊಸ ತೆರಿಗೆ ಹಾಕುವುದಿಲ್ಲ ಎಂದು 1988ರಲ್ಲಿ ಬುಷ್ ಕೊಟ್ಟ ಮಾತನ್ನು 1990ರಲ್ಲಿ ಅವರೇ ಮುರಿದಿದ್ದರಿಂದ, ಅವರ ಹಿಂದಿನ ಮತದಾರರು ನಾವು ತಪ್ಪು ಮಾಡಿದೆವು ಎನ್ನಬೇಕಾಗಿರಲಿಲ್ಲ. ಮಾತು ತಪ್ಪಿದವರು ಅವರು ಎಂದರೆ ಸಾಕಿತ್ತು.

ಈಗ ಸೋತವರ ಕಡೆ ನೋಡೋಣ. 1984ರಲ್ಲಿ ರೇಗನ್ ಎದುರು ನಿಂತ ವಾಲ್ಟರ್ ಮಂಡೇಲ್ ತೆರಿಗೆ ಏರಿಸುತ್ತೇನೆ ಎಂದು ಸ್ಯಾನ್ ಫ್ರಾನ್ಸಿಸ್ಕೊ ಅಧಿವೇಶನದಲ್ಲೇ ಪ್ರಾಮಾಣಿಕವಾಗಿ ಘೋಷಿಸಿ 49 ರಾಜ್ಯಗಳಲ್ಲಿ ಸೋತರು. ಆ ವರ್ಷ ಆರ್ಥಿಕತೆ ಶೇ 7ಕ್ಕಿಂತ ಹೆಚ್ಚಿನ ವೇಗದಲ್ಲಿ ಬೆಳೆಯುತ್ತಿದ್ದುದರಿಂದ ಬೇರೆ ಯಾವ ಮಾತು ಆಡಿದ್ದರೂ ಅವರು ಗೆಲ್ಲುತ್ತಿದ್ದರೆಂದು ನಾನು ನಂಬುವುದಿಲ್ಲ. 1996ರಲ್ಲಿ ಕ್ಲಿಂಟನ್ ಎದುರು ನಿಂತ ಬಾಬ್ ಡೋಲ್ ಅವರ ಕಥೆಯೂ ಹೆಚ್ಚು ಕಡಿಮೆ ಹಾಗೆಯೇ. ಜೀವನವಿಡೀ ಬಜೆಟ್ ಕೊರತೆಯ ವಿರುದ್ಧ ಮಾತನಾಡಿದ ಅವರು ಕೊನೆಗೆ ಶೇ 15ರಷ್ಟು ತೆರಿಗೆ ಕಡಿತದ ಭರವಸೆ ಕೊಟ್ಟಾಗ ಅವರ ಬಾಯಲ್ಲಿ ಅದು ಒಗ್ಗಲಿಲ್ಲ. ಪ್ರಚಾರದ ತಂತ್ರಕ್ಕೂ ಒಂದು ಮಿತಿಯಿದೆ. ಕಾಲ ಚೆನ್ನಾಗಿದ್ದು ಜನ ತೃಪ್ತರಾಗಿದ್ದರೆ ಎಂಥ ಚತುರ ಮಾತಿನಿಂದಲೂ ಅವರನ್ನು ಅತೃಪ್ತರನ್ನಾಗಿಸಲು ಆಗದು. ಗೆಲ್ಲಬಹುದಾಗಿದ್ದೂ ಸೋತವರೇ ನಮಗೆ ಹೆಚ್ಚು ಕಲಿಸುತ್ತಾರೆ.

2004ರಲ್ಲಿ ಹಾಲಿ ಅಧ್ಯಕ್ಷ ಕಿರಿಯ ಜಾರ್ಜ್ ಬುಷ್ ಅವರ ಎದುರು ನಿಂತ ಜಾನ್ ಕೆರಿ ಅಂಥವರಲ್ಲೊಬ್ಬರು. ಇರಾಕ್ ಯುದ್ಧದ ಬಗ್ಗೆ ಅಸಮಾಧಾನ ಬೆಳೆಯುತ್ತಿತ್ತು. ಆದರೆ 2002ರ ಅಕ್ಟೋಬರ್‌ನಲ್ಲಿ ಸೆನೆಟ್‌ನಲ್ಲಿ ಯುದ್ಧದ ಅಧಿಕಾರ ನೀಡುವ ನಿರ್ಣಯಕ್ಕೆ ಕೆರಿ ಸ್ವತಃ ಮತ ಹಾಕಿದ್ದರು. ಯುದ್ಧವನ್ನು ಮೊದಲು ಬೆಂಬಲಿಸಿ ಈಗ ಕಳವಳಗೊಂಡ ಲಕ್ಷಾಂತರ ಮತದಾರರ ಸ್ಥಿತಿಯೂ ಅದೇ ಆಗಿತ್ತು. ನಾನೂ ನಿಮ್ಮಂತೆಯೇ ನಂಬಿದೆ, ನಮಗೆ ಕೊಟ್ಟ ಮಾಹಿತಿ ಸರಿಯಿರಲಿಲ್ಲ, ಆದ್ದರಿಂದ ಈಗ ದಾರಿ ಬದಲಿಸಬೇಕಾಗಿದೆ ಎಂದು ಕೆರಿ ನೇರವಾಗಿ, ಆರಂಭದಿಂದಲೇ ಹೇಳಿದ್ದರೆ ಆ ಮತದಾರರಿಗೆ ಅದೊಂದು ಘನತೆಯ ದಾರಿಯಾಗುತ್ತಿತ್ತು. ಅದರ ಬದಲು ಅವರು ತಮ್ಮ ಮತವನ್ನೂ ಸಮರ್ಥಿಸಿಕೊಂಡರು, ಯುದ್ಧವನ್ನೂ ಟೀಕಿಸಿದರು. ಯುದ್ಧದ ವೆಚ್ಚದ 87 ಶತಕೋಟಿ ಡಾಲರ್ ಮಸೂದೆಯ ಬಗ್ಗೆ ಮಾರ್ಚ್‌ನಲ್ಲಿ ವೆಸ್ಟ್ ವರ್ಜೀನಿಯಾದ ಸಭೆಯೊಂದರಲ್ಲಿ, ವಿರುದ್ಧ ಮತ ಹಾಕುವ ಮೊದಲು ನಾನು ಪರವಾಗಿಯೂ ಮತ ಹಾಕಿದ್ದೆ ಎಂದುಬಿಟ್ಟರು. ಸಂಸದೀಯ ಕಲಾಪದ ದೃಷ್ಟಿಯಿಂದ ಅದಕ್ಕೆ ವಿವರಣೆಯಿತ್ತು, ಆದರೆ ಎದುರಾಳಿಯ ಜಾಹೀರಾತಿಗೆ ಬೇಕಾದ ಸಾಲನ್ನು ಅವರೇ ಬರೆದುಕೊಟ್ಟಂತಾಯಿತು. ನಂತರ ಬೋಸ್ಟನ್ ಅಧಿವೇಶನದಲ್ಲಿ ವಿಯೆಟ್ನಾಂ ಯುದ್ಧದ ತಮ್ಮ ಸೇವೆಯನ್ನು ಮುಂದಿಟ್ಟು, ಸೈನಿಕನಂತೆ ಸೆಲ್ಯೂಟ್ ಹೊಡೆದು ಭಾಷಣ ಆರಂಭಿಸಿದರು. ಇಡೀ ಚುನಾವಣೆ ಆಡಳಿತದ ಮೇಲಿನ ತೀರ್ಪಾಗದೆ ಕೆರಿ ಎಂಥ ಮನುಷ್ಯ ಎಂಬ ವಿಚಾರಣೆಯಾಗಿ ಬದಲಾಯಿತು. ಕೊನೆಗೆ ಒಹಾಯೊ ರಾಜ್ಯದ ಸುಮಾರು 1.18 ಲಕ್ಷ ಮತಗಳ ಅಂತರದಲ್ಲಿ ಅಧ್ಯಕ್ಷ ಪದವಿ ಕೈತಪ್ಪಿತು.

ಕೆರಿ ಅವರ ಸೋಲಿನಲ್ಲಿ ವೇಳಾಪಟ್ಟಿಯ ಪಾತ್ರವೂ ಇತ್ತು. ಅವರ ಅಧಿವೇಶನ ಬುಷ್ ಅವರದಕ್ಕಿಂತ ಐದು ವಾರ ಮೊದಲೇ ನಡೆದಿತ್ತು. ಪ್ರಚಾರಕ್ಕೆಂದು ಸಾರ್ವಜನಿಕ ನಿಧಿಯಿಂದ ಇಬ್ಬರಿಗೂ ಬಂದ ಅದೇ ಮೊತ್ತವನ್ನು ಅವರು ಹೆಚ್ಚು ದಿನ ಎಳೆಯಬೇಕಾಯಿತು. ಅವರ ಯುದ್ಧಸೇವೆಯನ್ನೇ ಪ್ರಶ್ನಿಸುವ ಜಾಹೀರಾತುಗಳು ಆಗಸ್ಟ್‌ನಲ್ಲಿ ಬಂದಾಗ ತಕ್ಷಣ ಉತ್ತರಿಸಲಿಲ್ಲ. 2012ರಲ್ಲಿ ಮಿಟ್ ರಾಮ್ನಿ ಅವರಿಗೆ ಇದೇ ತೊಂದರೆ ಬೇರೆ ರೂಪದಲ್ಲಿ ಎದುರಾಯಿತು. ಸಾರ್ವತ್ರಿಕ ಚುನಾವಣೆಗೆಂದು ಸಂಗ್ರಹಿಸಿದ ದೇಣಿಗೆಯನ್ನು ಆಗಸ್ಟ್ ಕೊನೆಯ ಅಧಿವೇಶನದಲ್ಲಿ ಅಧಿಕೃತ ಅಭ್ಯರ್ಥಿಯಾಗುವವರೆಗೆ ಮುಟ್ಟುವಂತಿರಲಿಲ್ಲ. ಹಾಲಿ ಅಧ್ಯಕ್ಷ ಒಬಾಮ ಅವರ ತಂಡವೂ ಅವರ ಬೆಂಬಲಿಗ ಸಂಘಟನೆಗಳೂ ಆ ಬೇಸಿಗೆಯನ್ನೇ ಬಳಸಿಕೊಂಡು ರಾಮ್ನಿ ಯಾರೆಂಬುದನ್ನು ದೇಶಕ್ಕೆ ಪರಿಚಯಿಸಿಬಿಟ್ಟರು. ಅಂಥ ಒಂದು ಜಾಹೀರಾತಿನಲ್ಲಿ ಇಂಡಿಯಾನಾದ ಕಾಗದದ ಕಾರ್ಖಾನೆಯ ಮಾಜಿ ಕಾರ್ಮಿಕರೊಬ್ಬರು, ಒಂದು ದಿನ ತಮಗೆ ಮೂವತ್ತು ಅಡಿಯ ವೇದಿಕೆ ಕಟ್ಟಲು ಹೇಳಿದರೆಂದೂ, ಕೆಲವು ದಿನಗಳ ನಂತರ ಅದೇ ವೇದಿಕೆಯ ಮೇಲೆ ನಿಂತು ಕಾರ್ಖಾನೆ ಮುಚ್ಚಿದೆಯೆಂದು ಘೋಷಿಸಿದರೆಂದೂ, ತಮ್ಮ ಶವಪೆಟ್ಟಿಗೆಯನ್ನು ತಾವೇ ಕಟ್ಟಿದಂತಾಯಿತೆಂದೂ ಹೇಳುತ್ತಾರೆ. ರಾಮ್ನಿ ಸ್ಥಾಪಿಸಿದ ಹೂಡಿಕೆ ಸಂಸ್ಥೆ ಕೊಂಡಿದ್ದ ಕಂಪನಿಯ ಕಾರ್ಖಾನೆ ಅದು. ಅಧಿವೇಶನದ ಹೊತ್ತಿಗೆ ರಾಮ್ನಿ ತಮ್ಮ ಪರಿಚಯ ಮಾಡಿಕೊಳ್ಳಲು ವೇದಿಕೆ ಏರಿದಾಗ ಜನರ ಮನಸ್ಸಿನಲ್ಲಿ ಆ ಸ್ಥಾನ ಖಾಲಿ ಇರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಹೊರಬಂದ ದೃಶ್ಯಮುದ್ರಿಕೆಯಂತೂ ನನ್ನ ವಾದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ. ಮೇ ತಿಂಗಳಲ್ಲಿ ಫ್ಲಾರಿಡಾದ ಬೋಕಾ ರಟೋನ್‌ನಲ್ಲಿ ದೇಣಿಗೆದಾರರ ಖಾಸಗಿ ಭೋಜನಕೂಟದಲ್ಲಿ ರಾಮ್ನಿ, ಶೇ 47ರಷ್ಟು ಜನ ಏನೇ ಆದರೂ ಒಬಾಮ ಅವರಿಗೇ ಮತ ಹಾಕುತ್ತಾರೆ, ಅವರು ಸರ್ಕಾರವನ್ನೇ ನಂಬಿ ಕೂತವರು, ತಮ್ಮನ್ನು ಬಲಿಪಶುಗಳೆಂದು ಭಾವಿಸುವವರು, ಅವರ ಬಗ್ಗೆ ಚಿಂತಿಸುವುದು ನನ್ನ ಕೆಲಸವಲ್ಲ ಎಂಬರ್ಥದ ಮಾತಾಡಿದ್ದರು. ಅವರು ಹೇಳಿದ ಆ ಪಾಲು ಕೇಂದ್ರ ಸರ್ಕಾರಕ್ಕೆ ಆದಾಯ ತೆರಿಗೆ ಕಟ್ಟದ ಕುಟುಂಬಗಳದ್ದು. ಅವರಲ್ಲಿ ನಿವೃತ್ತರಿದ್ದರು, ಕಡಿಮೆ ಸಂಬಳಕ್ಕೆ ದುಡಿಯುತ್ತ ಬೇರೆ ತೆರಿಗೆಗಳನ್ನು ಕಟ್ಟುವವರಿದ್ದರು, ರಾಮ್ನಿ ಅವರ ಪಕ್ಷಕ್ಕೇ ಮತ ಹಾಕುವವರೂ ಇದ್ದರು. ಯಾರನ್ನು ತಮ್ಮ ಕಡೆ ಕರೆಯಬೇಕಾಗಿತ್ತೋ ಅವರ ಮುಖಕ್ಕೆ ಬಾಗಿಲು ಹಾಕಿದಂತಾಯಿತು. ಮತದಾನದ ದಿನದ ಸಮೀಕ್ಷೆಯಲ್ಲಿ ಅಭ್ಯರ್ಥಿಯ ಯಾವ ಗುಣ ಮುಖ್ಯ ಎಂದು ಕೇಳಿದಾಗ, ಭವಿಷ್ಯದ ದೃಷ್ಟಿ, ಮೌಲ್ಯಗಳು, ದೃಢ ನಾಯಕತ್ವ ಎಂದವರಲ್ಲಿ ಹೆಚ್ಚಿನವರು ರಾಮ್ನಿ ಕಡೆಯಿದ್ದರು. ನನ್ನಂಥವರ ಬಗ್ಗೆ ಕಾಳಜಿ ಇರಬೇಕು ಎಂದವರಲ್ಲಿ ಮಾತ್ರ ಶೇ 81 ಮಂದಿ ಒಬಾಮ ಅವರನ್ನೂ ಶೇ 18 ಮಂದಿ ರಾಮ್ನಿ ಅವರನ್ನೂ ಆರಿಸಿದ್ದರು. ನಿರುದ್ಯೋಗ ಶೇ 8ರ ಆಸುಪಾಸಿನಲ್ಲಿದ್ದ ವರ್ಷವದು. ತೀರ್ಪು ಕೇಳಲು ಬೇಕಾದ ಪರಿಸ್ಥಿತಿ ಇತ್ತು, ಆದರೆ ತೀರ್ಪು ಕೊಡುವವರನ್ನು ಗೌರವಿಸುವ ಮಾತು ಇರಲಿಲ್ಲ.

ಹಾಲಿ ಅಧ್ಯಕ್ಷರು ಪ್ರಜಾಪ್ರಭುತ್ವದ ಸಂಸ್ಥೆಗಳಿಗೇ ಧಕ್ಕೆ ತರುತ್ತಿದ್ದಾರೆ ಎಂದು ಎದುರಾಳಿ ಪ್ರಾಮಾಣಿಕವಾಗಿ ನಂಬಿದಾಗ ಪ್ರಶ್ನೆ ಇನ್ನಷ್ಟು ಗಹನವಾಗುತ್ತದೆ. ಅದನ್ನು ಹೇಳದೆ ಇರುವುದು ಹೊಣೆಗೇಡಿತನ. ಮತ ಗಳಿಸುವ ಲೆಕ್ಕಕ್ಕಾಗಿ ಸತ್ಯವನ್ನು ಅಡಗಿಸಿಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅಧ್ಯಕ್ಷರ ಕೃತ್ಯಗಳ ಬಗ್ಗೆ ಮಾತಾಡುವುದು ಬೇರೆ, ಅವರನ್ನು ಬೆಂಬಲಿಸಿದವರ ಗುಣದ ಬಗ್ಗೆ ಮಾತಾಡುವುದು ಬೇರೆ. 2019ರ ಏಪ್ರಿಲ್‌ನಲ್ಲಿ ಜೋ ಬೈಡನ್ ತಮ್ಮ ಸ್ಪರ್ಧೆಯನ್ನು ಘೋಷಿಸಿದ್ದು 2017ರಲ್ಲಿ ಬಿಳಿಯ ಜನಾಂಗವಾದಿಗಳ ಮೆರವಣಿಗೆಯ ವೇಳೆ ಶಾರ್ಲಟ್ಸ್‌ವಿಲ್‌ನಲ್ಲಿ ನಡೆದ ಹಿಂಸಾಚಾರವನ್ನೂ ಅದಕ್ಕೆ ಟ್ರಂಪ್ ಅವರ ಪ್ರತಿಕ್ರಿಯೆಯನ್ನೂ ನೆನಪಿಸಿ, ಇದು ದೇಶದ ಆತ್ಮಕ್ಕಾಗಿ ನಡೆಯುವ ಹೋರಾಟ ಎಂದು ಬಣ್ಣಿಸಿ. ಅಷ್ಟಕ್ಕೇ ನಿಂತಿದ್ದರೆ ಆ ಮಾತು ಆಗಲೇ ಒಪ್ಪಿದವರನ್ನು ಮಾತ್ರ ತಲುಪುತ್ತಿತ್ತು. 2020ರ ಆಗಸ್ಟ್‌ನ ಡೆಮಾಕ್ರಟಿಕ್ ಅಧಿವೇಶನದಲ್ಲಿ ಒಹಾಯೊದ ಮಾಜಿ ಗವರ್ನರ್, ರಿಪಬ್ಲಿಕನ್ ನಾಯಕ ಜಾನ್ ಕೇಸಿಕ್ ಅವರಿಗೆ ಭಾಷಣದ ಅವಕಾಶ ಕೊಟ್ಟದ್ದು, ನನಗೆ ಮತ ಹಾಕದವರಿಗೂ ನಾನು ಅಷ್ಟೇ ಶ್ರಮದಿಂದ ದುಡಿಯುವ ಅಧ್ಯಕ್ಷನಾಗುತ್ತೇನೆ ಎಂದು ಬೈಡನ್ ಪದೇ ಪದೇ ಹೇಳಿದ್ದು ಪ್ರಚಾರಕ್ಕೆ ಬೇರೊಂದು ಬಾಗಿಲನ್ನು ಕೊಟ್ಟಿತು. ಕೋವಿಡ್ ಸಾವುಗಳೂ ಲಾಕ್‌ಡೌನ್ ತಂದ ನಿರುದ್ಯೋಗವೂ ಆಡಳಿತದ ವೈಫಲ್ಯವನ್ನು ಪ್ರತಿ ಮನೆಯ ವಿಷಯವಾಗಿಸಿದ್ದವು. ಇಷ್ಟೆಲ್ಲ ಇದ್ದೂ ಗೆಲುವು ಎಷ್ಟು ಕೂದಲೆಳೆಯದೆಂದರೆ, ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್ ಈ ಮೂರು ರಾಜ್ಯಗಳ ಅಂತರವನ್ನು ಕೂಡಿಸಿದರೆ ಸುಮಾರು 43,000 ಮತಗಳಾಗುತ್ತವೆ.

ಅದೇ ಬೈಡನ್ 2024ರ ಅಕ್ಟೋಬರ್ 29ರಂದು ಆಡಿದ ಒಂದು ಮಾತು ಟ್ರಂಪ್ ಬೆಂಬಲಿಗರನ್ನೇ ಕಸ ಎಂದು ಕರೆದಂತೆ ಕೇಳಿಸಿತು. ಟ್ರಂಪ್ ಸಭೆಯೊಂದರಲ್ಲಿ ಹಾಸ್ಯಗಾರನೊಬ್ಬ ಪೋರ್ಟೊರಿಕೊ ದ್ವೀಪವನ್ನು ಕಸಕ್ಕೆ ಹೋಲಿಸಿ ಆಡಿದ ಮಾತಿಗಷ್ಟೇ ಅದು ಉತ್ತರವೆಂದು ಶ್ವೇತಭವನ ಸ್ಪಷ್ಟನೆ ಕೊಟ್ಟಿತಾದರೂ ಮಾತು ಕೈಮೀರಿತ್ತು. ಅದೇ ರಾತ್ರಿ ಶ್ವೇತಭವನದ ಎದುರಿನ ಮೈದಾನದಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್ ಮಾಡಿದ ಪ್ರಚಾರದ ಅತಿ ಮುಖ್ಯ ಭಾಷಣ ಹಿಂದೆ ಸರಿಯಿತು. ಮರುದಿನ ವಿಸ್ಕಾನ್ಸಿನ್‌ನ ಗ್ರೀನ್ ಬೇ ನಗರದಲ್ಲಿ ಟ್ರಂಪ್ ಪೌರಕಾರ್ಮಿಕರ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಸದ ಲಾರಿಯ ಮುಂದಿನ ಸೀಟಿನಲ್ಲಿ ಕುಳಿತು ಪತ್ರಕರ್ತರೊಡನೆ ಮಾತಾಡಿದರು. ಮತದಾರರ ಅಭಿಮಾನಕ್ಕೆ ಪೆಟ್ಟು ಬಿದ್ದಾಗ ಎದುರು ಪಾಳೆಯ ಅದನ್ನು ಎಷ್ಟು ಬೇಗ ತನ್ನ ಅಭಿಮಾನವಾಗಿಸಿಕೊಳ್ಳುತ್ತದೆ ಎಂಬುದು ಆ ಚಿತ್ರದಲ್ಲಿ ಕಾಣುತ್ತದೆ.

ಅಮೆರಿಕದ ಹೊರಗೂ ಇದೇ ಹೋಲಿಕೆ ಕಾಣಸಿಗುತ್ತದೆ. 2022ರಲ್ಲಿ ಬ್ರೆಜಿಲ್‌ನ ಲೂಲಾ ಡ ಸಿಲ್ವ, ಹಾಲಿ ಅಧ್ಯಕ್ಷ ಜೈರ್ ಬೋಲ್ಸನಾರೊ ಅವರ ವಿರುದ್ಧ ನಿಂತಾಗ ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿಕೊಂಡದ್ದು ಜೆರಾಲ್ಡೊ ಅಲ್ಕ್‌ಮಿನ್ ಅವರನ್ನು. 2006ರ ಅಧ್ಯಕ್ಷ ಚುನಾವಣೆಯಲ್ಲಿ ಲೂಲಾ ಅವರನ್ನು ಎದುರಿಸಿ ಸೋತಿದ್ದ, ಸಾವೊ ಪೌಲೊ ರಾಜ್ಯದ ಸಂಪ್ರದಾಯವಾದಿ ನಾಯಕ ಅವರು. ಎಡಪಕ್ಷಕ್ಕೆ ಎಂದೂ ಮತ ಹಾಕದವರಿಗೆ ಇದಕ್ಕಿಂತ ಸ್ಪಷ್ಟವಾದ ಆಹ್ವಾನ ಬೇಕಿರಲಿಲ್ಲ. ಪ್ರಜಾಪ್ರಭುತ್ವ ಅಪಾಯದಲ್ಲಿದೆ ಎಂದು ಅವರ ಪ್ರಚಾರ ಹೇಳುತ್ತಿತ್ತು, ಆದರೆ ಸಭೆಗಳಲ್ಲಿ ಲೂಲಾ ಮತ್ತೆ ಮತ್ತೆ ಹೇಳುತ್ತಿದ್ದದ್ದು ವಾರಾಂತ್ಯದಲ್ಲಿ ಮನೆಮಂದಿಯೆಲ್ಲ ಸೇರಿ ಮಾಂಸ ಸುಟ್ಟು ತಿಂದು ತಣ್ಣನೆಯ ಬಿಯರ್ ಕುಡಿಯುವ ದಿನಗಳನ್ನು ಮರಳಿ ತರುವ ಮಾತನ್ನು. ಎರಡನೇ ಸುತ್ತಿನಲ್ಲಿ ಶೇ 50.9ರಷ್ಟು ಮತ ಪಡೆದು ಅವರು ಗೆದ್ದರು. ಬ್ರೆಜಿಲ್‌ನಲ್ಲಿ ಮರುಆಯ್ಕೆ ಬಯಸಿದ ಹಾಲಿ ಅಧ್ಯಕ್ಷರೊಬ್ಬರು ಸೋತದ್ದು ಅದೇ ಮೊದಲು.

ಮರುವರ್ಷ ಟರ್ಕಿಯಲ್ಲಿ ನಡೆದದ್ದು ಬೇರೆಯೇ. ರೆಜೆಪ್ ತಯ್ಯಿಪ್ ಎರ್ಡೊವಾನ್ ಎದುರು ಆರು ಪಕ್ಷಗಳ ಜಂಟಿ ಅಭ್ಯರ್ಥಿಯಾಗಿದ್ದ ಕೆಮಾಲ್ ಕಿಲಿಚ್‌ದಾರೊಲು ತಮ್ಮ ಸಾದಾ ಅಡುಗೆಮನೆಯಲ್ಲಿ ಕುಳಿತು, ಕೈಯಲ್ಲೊಂದು ಈರುಳ್ಳಿ ಹಿಡಿದು ಬೆಲೆಯೇರಿಕೆಯ ಬಗ್ಗೆ ಮಾತಾಡಿದ ವಿಡಿಯೊ ಮನೆಮಾತಾಗಿತ್ತು. ಸಭೆಗಳಲ್ಲಿ ಎರಡೂ ಕೈಗಳಿಂದ ಹೃದಯದ ಆಕಾರ ಮಾಡಿ ತೋರಿಸುತ್ತ, ಒಡೆದ ಸಮಾಜವನ್ನು ಕೂಡಿಸುವ ಮಾತಾಡುತ್ತಿದ್ದರು. ಮೇ 14ರ ಮೊದಲ ಸುತ್ತಿನಲ್ಲಿ ಎರ್ಡೊವಾನ್ ಶೇ 49.5, ಕಿಲಿಚ್‌ದಾರೊಲು ಶೇ 44.9ರಷ್ಟು ಮತ ಪಡೆದರು. ಎರಡನೇ ಸುತ್ತಿಗೆ ಉಳಿದಿದ್ದ ಎರಡೇ ವಾರಗಳಲ್ಲಿ ಪ್ರಚಾರ ತಲೆಕೆಳಗಾಯಿತು. ಸಿರಿಯನ್ ನಿರಾಶ್ರಿತರು ಹೋಗಲಿದ್ದಾರೆ ಎಂಬ ಅವರ ಪೋಸ್ಟರ್‌ಗಳು ಬೀದಿಗಳಲ್ಲಿ ಕಾಣಿಸಿಕೊಂಡವು, ಮಾತಿನ ಧಾಟಿ ಗಡುಸಾಯಿತು. ಸರ್ಕಾರದ ಹಿಡಿತದಲ್ಲಿದ್ದ ಮಾಧ್ಯಮಗಳು ಆಟವನ್ನು ಮೊದಲೇ ಓರೆಯಾಗಿಸಿದ್ದವು ಎಂಬುದು ನಿಜ, ಸೋಲಿಗೆ ಅದೊಂದು ಪ್ರಬಲ ಕಾರಣ. ಆದರೂ ಅಲ್ಲಿಯವರೆಗೆ ಹೃದಯ ತೋರಿಸಿದವರು ಹದಿನೈದು ದಿನ ಮುಷ್ಟಿ ತೋರಿಸಿದರೆ ಹೊಸಬರು ನಂಬುವುದಿಲ್ಲ, ಹಳಬರೂ ತಬ್ಬಿಬ್ಬಾಗುತ್ತಾರೆ. ಮೇ 28ರಂದು ಎರ್ಡೊವಾನ್ ಶೇ 52.2ರಷ್ಟು ಮತದಿಂದ ಗೆದ್ದರು.

ಅಮೆರಿಕದ ಸಂವಿಧಾನದ 22ನೇ ತಿದ್ದುಪಡಿಯ ಪ್ರಕಾರ ಎರಡು ಬಾರಿ ಆಯ್ಕೆಯಾದವರು ಮತ್ತೆ ಆಯ್ಕೆಯಾಗುವಂತಿಲ್ಲ. ಆದ್ದರಿಂದ 2028ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯ ಎದುರು ಇರಬೇಕಾದದ್ದು ಹಾಲಿ ಅಧ್ಯಕ್ಷರಲ್ಲ, ಅವರ ಉತ್ತರಾಧಿಕಾರಿ. ಉತ್ತರಾಧಿಕಾರಿಯ ಇಕ್ಕಟ್ಟು ಎಂಥದ್ದೆಂಬುದನ್ನು 2024ರಲ್ಲಿ ಹ್ಯಾರಿಸ್ ಅನುಭವಿಸಿದರು. ಹಣದುಬ್ಬರ 2022ರ ಜೂನ್‌ನಲ್ಲಿ ಶೇ 9.1ಕ್ಕೆ ಮುಟ್ಟಿ ನಂತರ ಇಳಿದಿದ್ದರೂ ಏರಿದ ಬೆಲೆಗಳು ಇಳಿದಿರಲಿಲ್ಲ. ಆ ಅಕ್ಟೋಬರ್‌ನಲ್ಲಿ ಟಿವಿ ಸಂದರ್ಶನವೊಂದರಲ್ಲಿ, ಬೈಡನ್ ಅವರಿಗಿಂತ ಭಿನ್ನವಾಗಿ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ತಮಗೆ ಯಾವುದೂ ತೋಚುತ್ತಿಲ್ಲವೆಂದು ಅವರು ಉತ್ತರಿಸಿದ್ದೇ ಟ್ರಂಪ್ ತಂಡಕ್ಕೆ ಬೇಕಾದ ಜಾಹೀರಾತಾಯಿತು. ಅಧಿಕಾರದ ಅನುಕೂಲ ಪೂರ್ತಿ ಇಲ್ಲದೆ ಅದರ ಹೊರೆ ಮಾತ್ರ ಪೂರ್ತಿ ಹೊರಬೇಕಾದ ಆ ಜಾಗದಲ್ಲಿ ಮುಂದಿನ ಬಾರಿ ರಿಪಬ್ಲಿಕನ್ ಅಭ್ಯರ್ಥಿ ನಿಲ್ಲಬೇಕಾಗುತ್ತದೆ.

ಅವರ ಎದುರಾಳಿಯ ಮೊದಲ ಕಷ್ಟ ಮಾತ್ರ ಸ್ವಂತ ಪಕ್ಷದ ಒಳಗೇ ಇರುತ್ತದೆ. ಪ್ರಾಥಮಿಕ ಚುನಾವಣೆಗಳಲ್ಲಿ ಮತ ಹಾಕುವವರು ಪಕ್ಷದ ಅತಿ ನಿಷ್ಠರು. ಆಳುವವರ ಮೇಲೂ ಅವರ ಬೆಂಬಲಿಗರ ಮೇಲೂ ಅತ್ಯಂತ ಕಟುವಾಗಿ ಹರಿಹಾಯುವವರಿಗೆ ಅಲ್ಲಿ ಚಪ್ಪಾಳೆ ಬೀಳುತ್ತದೆ, ಸಣ್ಣ ದೇಣಿಗೆಗಳು ಹರಿದುಬರುತ್ತವೆ. ಐಯೋವಾ, ನ್ಯೂ ಹ್ಯಾಂಪ್‌ಷೈರ್, ದಕ್ಷಿಣ ಕೆರೊಲಿನಾದಂಥ ರಾಜ್ಯಗಳ ಸಭೆಗಳಲ್ಲಿ ಚಪ್ಪಾಳೆಗಾಗಿ ಆಡಿದ ಮಾತು ಮುದ್ರಿತವಾಗಿ ಉಳಿದು, ನವೆಂಬರ್‌ನಲ್ಲಿ ಮೆಕೋಂಬ್ ಕೌಂಟಿಯ ಟಿವಿಗಳಲ್ಲಿ ಎದುರು ಪಕ್ಷದ ಜಾಹೀರಾತಾಗಿ ಬಿತ್ತರವಾಗುತ್ತದೆ. ಮೊದಲ ಸಭೆಯಿಂದಲೇ ಈ ಎರಡೂ ಬಗೆಯ ಮತದಾರರು ಕೇಳಿಸಿಕೊಳ್ಳಬಹುದಾದ ಒಂದೇ ಮಾತನ್ನು ಆಡುವ ಅಭ್ಯರ್ಥಿಗೆ ಪಕ್ಷದ ನಿಷ್ಠರು ಎಷ್ಟು ಕಾಲ ತಾಳ್ಮೆಯಿಂದ ಕಿವಿಗೊಡುತ್ತಾರೆ ಎಂಬುದರ ಮೇಲೆ ಮುಂದಿನದು ಬಹುಮಟ್ಟಿಗೆ ನಿಂತಿದೆ.